ಮೋಹನನ ಪಾಲಿನ ಮಾತ್ರೆ

ಒಬ್ಬರಿಗೆಂದು ಬಂದ ಪದಾರ್ಥ ಆ ಒಬ್ಬರ ಹೊಟ್ಟೆಗೇ ಸೇರಿದ್ದನ್ನು ಬೆಟ್ಟಮ್ಮನ ಮನೆಯಲ್ಲಿ ಯಾರೂ ಕಂಡವರಿಲ್ಲ. ಹಲಸಿನ ಹಣ್ಣು ಕೊಯ್ದರೆ ಮನೆಮಂದಿಗೆಲ್ಲ ಸಮನಾಗಿ ತೊಳೆ ಹಂಚಬೇಕು. ಕೋಳಿ ಸಾರು ಮಾಡಿದರೆ ತೋಟದ ಆಳು ಲಕ್ಕಪ್ಪನ ತಟ್ಟೆಗೂ ಯಜಮಾನನಾದ ಮಗ ದೇವೇಂದ್ರನ ತಟ್ಟೆಗೂ ಒಂದೇ ಸೌಟು. ಸೊಸೆ ಸಾಕಮ್ಮ ಚೊಚ್ಚಲ ಬಾಣಂತಿಯಾಗಿದ್ದಾಗ ತವರಿನಿಂದ ಬಂದ ಅಂಟಿನುಂಡೆಯನ್ನೂ ಮುದುಕಿ ಬಿಡದೆ ಪಾಲು ಹಾಕಿದ್ದಳು. "ಒಬ್ರು ತಿಂದು ಒಬ್ರು ಬಾಯಿ ನೋಡೋ ಪದ್ಧತಿ ಈ ಮನೇಲಿಲ್ಲ ಕಣವ್ವ" ಎಂದಿದ್ದಳು. ಆವತ್ತು ಮೂಲೆಯಲ್ಲಿ ಕುಳಿತು ಅತ್ತ ಸಾಕಮ್ಮ, ವರ್ಷಗಳು ಕಳೆದಂತೆ ಆ ಪದ್ಧತಿಯನ್ನು ಅತ್ತೆಗಿಂತ ಬಿಗಿಯಾಗಿ ಹಿಡಿದುಕೊಂಡಳು.

ಹಿಂದಿನ ವರ್ಷ ಮೆಣಸಿನ ಕೊಯ್ಲಿನಲ್ಲಿ ಅವಳ ಮಗ ಮೋಹನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರದಿಂದ ಬಿದ್ದ. ಅವರ ಕಡೆ ಮೆಣಸು ಕೊಯ್ಯುವುದು ಒಂಟಿ ಬಿದಿರಿನ ಏಣಿಯ ಮೇಲೆ ನಿಂತು. ಬಿದಿರಿನ ಗಣ್ಣುಗಳಲ್ಲಿ ಕವಲು ಉಳಿಸಿಕೊಂಡು, ಅದೇ ಮೆಟ್ಟಿಲೆಂದು ಕಾಲಿಟ್ಟು ಹತ್ತುತ್ತಾರೆ. ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿಯುತ್ತಾರೆ. ಹಾನುಬಾಳಿನ ಸುತ್ತಮುತ್ತ ಆ ಕೆಲಸದಲ್ಲಿ ಮೋಹನನನ್ನು ಮೀರಿಸುವವರು ಇರಲಿಲ್ಲ. ಅಂಥವನು ಬಿದ್ದು, ತಲೆಗೆ ಪೆಟ್ಟಾಗಿ, ಹಾಸನದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ. ಎದ್ದಾಗ ಕೈಕಾಲು ನೆಟ್ಟಗಿದ್ದವು. ನೆನಪು ಮಾತ್ರ ತೂತು ಬಿದ್ದ ಚೀಲದಂತೆ ಸೋರುತ್ತಿತ್ತು. ನಿನ್ನೆ ಬಂದ ನೆಂಟರು ಇವತ್ತು ಹೊಸಬರು.

ಡಾಕ್ಟರು ಬೆಳಿಗ್ಗೆಗೊಂದು ರಾತ್ರಿಗೊಂದು ಮಾತ್ರೆ ಬರೆದುಕೊಟ್ಟರು. ಮೆದುಳನ್ನು ಚುರುಕು ಮಾಡುವ ಮಾತ್ರೆ, ಬಹಳ ದಿನ ನುಂಗಬೇಕು ಎಂದರು. ಹೊರಡುವಾಗ ಸಾಕಮ್ಮನನ್ನು ಕರೆದು ಇನ್ನೊಂದು ಮಾತು ಹೇಳಿದರು: "ನೋಡಮ್ಮ, ಅವನಾಗಿ ಏನಾದ್ರೂ ನೆನಪು ಮಾಡ್ಕೊಂಡು ಹೇಳಿದ್ರೆ, ಹೌದು ಕಣಪ್ಪ ಸರಿ ಹೇಳ್ದೆ ಅನ್ನಿ. ಅವನ ತಲೆ ಮೇಲೆ ಅವನಿಗೆ ನಂಬಿಕೆ ಬರಬೇಕು. ಮಾತ್ರೆ ಮಾಡೋದು ಅರ್ಧ ಕೆಲಸ."

ಮನೆಗೆ ಬಂದ ಮೇಲೆ ಪದ್ಧತಿ ಬಿಡುವುದುಂಟೇ? ಅವನಿಗೆಂದು ತಂದ ಮಾಲ್ಟಿನ ಡಬ್ಬ ಎಲ್ಲರ ಲೋಟಕ್ಕೂ ಬಿದ್ದು ವಾರದಲ್ಲಿ ಖಾಲಿಯಾಯಿತು. ಬೆಟ್ಟಮ್ಮ ಮಾತ್ರೆಯ ಹಾಳೆಯನ್ನೂ ಹಿಡಿದು ತಿರುಗಿಸಿ ನೋಡಿದಳು.

"ನಂಗೂ ಮರೆವು ಜಾಸ್ತಿ ಆಗೈತೆ ಸಾಕಿ. ಒಂದು ಕೊಡು, ನೋಡನ."

"ಅಜ್ಜಿ, ಅದು ಡಾಕ್ಟ್ರು ಬರ್ದಿರೋದು. ಚಕ್ಲಿ ಅಲ್ಲ," ಎಂದು ಮೊಮ್ಮಗಳು ಚೈತ್ರಶ್ರೀ ನಕ್ಕಳು.

ಮುದುಕಿ ಕೇಳಲಿಲ್ಲ. ಒಂದನ್ನು ನುಂಗಿ, ಸಂಜೆಯವರೆಗೆ ಕಾದು, "ಎಂತದೂ ಇಲ್ಲ ಮಾರಾಯ್ತಿ. ನಿಮ್ಮಾವ ನಂಗೆ ಕೊಡ್ಸಿದ ಸೀರೆ ಯಾವ ಬಣ್ಣದ್ದು ಅಂತ ಇನ್ನೂವೆ ನೆಪ್ಪಾಗಿಲ್ಲ" ಎಂದು ತಳ್ಳಿಹಾಕಿದಳು. ದೇವೇಂದ್ರ ಅಡಿಗೆಮನೆಯ ಬಾಗಿಲಲ್ಲೇ ನಿಂತು, "ಅಪ್ಪ ಕೊಡ್ಸಿದ್ರೆ ತಾನೆ ನೆಪ್ಪಾಗೋದು" ಎಂದ. ಎಷ್ಟೋ ದಿನಗಳ ಮೇಲೆ ಆ ಮನೆಯವರು ಒಟ್ಟಿಗೆ ನಕ್ಕಿದ್ದು ಆವತ್ತು.

ಮೋಹನ ನಿಧಾನಕ್ಕೆ ಸುಧಾರಿಸಿದ. ಗಣೇಶನ ಹಬ್ಬದ ಹೊತ್ತಿಗೆ ದನಗಳ ಹೆಸರು ಹಿಡಿದು ಕರೆಯತೊಡಗಿದ. ಕಾಫಿ ಕೊಯ್ಲು ಮುಗಿಯುವಾಗ, ತೋಟದ ಯಾವ ಪಟ್ಟೆಯಲ್ಲಿ ಹಣ್ಣು ಉಳಿದಿದೆ ಎಂದು ಲಕ್ಕಪ್ಪನಿಗೇ ಹೇಳಿ ಕಳಿಸುತ್ತಿದ್ದ. ಹೀಗೇ ನಡೆದರೆ ಮೆಣಸಿಗೆ ಮತ್ತೆ ಏಣಿ ಹತ್ತಬಹುದು ಎಂದು ಡಾಕ್ಟರೂ ಹೇಳಿದರು. ಯಸಳೂರಿನ ಭೂತಯ್ಯನಿಗೂ ಸುದ್ದಿ ಹೋಯಿತು. ಅವನ ಮಗಳು ಪೂಜಿತಾಳನ್ನು ಮೋಹನನಿಗೆ ಕೊಡುವುದೆಂದು, ಅವನು ಬೀಳುವ ಮೊದಲೇ ಮಾತಾಗಿತ್ತು. ಭೂತಯ್ಯ ಮಾತು ಮುರಿಯಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ. "ಯುಗಾದಿ ಕಳೀಲಿ. ನಾನೇ ಬಂದು ಹುಡುಗನ್ನ ನೋಡ್ತೀನಿ. ಆಮೇಲೆ ಮುಂದಿನ ಮಾತು" ಎಂದು ಹೇಳಿ ಕಳಿಸಿದ.

ಆ ಜನವರಿಯಲ್ಲಿ ಚೈತ್ರಶ್ರೀ ಕಾಲೇಜಿನಿಂದ ಅತ್ತುಕೊಂಡು ಬಂದಳು. ಸಕಲೇಶಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಎರಡನೇ ಪಿಯುಸಿ ಓದುತ್ತಿದ್ದ ಹುಡುಗಿ. ದನದ ಡಾಕ್ಟರಾಗಬೇಕೆಂಬುದು ಅವಳ ಹಟ. ಮುಖ್ಯ ಪರೀಕ್ಷೆಗೆ ಮುಂಚಿನ ಸಿದ್ಧತಾ ಪರೀಕ್ಷೆಯಲ್ಲಿ ಫಿಸಿಕ್ಸ್ ಕೈಕೊಟ್ಟಿತ್ತು.

"ಓದಿದ್ದು ತಲೇಲಿ ನಿಲ್ತಾ ಇಲ್ಲವ್ವ. ಟ್ಯೂಷನ್ನಲ್ಲಿ ಎಲ್ರೂ ಮಾತ್ರೆ ತಗೋತಾರೆ. ಜ್ಞಾಪಕಶಕ್ತಿಗೆ ಅಂತ ಮೆಡಿಕಲ್ ಶಾಪಲ್ಲಿ ಕೊಡ್ತಾರೆ." ಗೆಳತಿ ಕೊಟ್ಟಿದ್ದ ಖಾಲಿ ಹಾಳೆಯೊಂದನ್ನು ಪುಸ್ತಕದೊಳಗಿನಿಂದ ತೆಗೆದು ತೋರಿಸಿದಳು.

ಸಾಕಮ್ಮ ಇಂಗ್ಲಿಷ್ ಓದಲಾರಳು. ಆದರೆ ದಿನಕ್ಕೆ ಎರಡು ಸಲ ಕೈಯಲ್ಲಿ ಹಿಡಿಯುವ ಹಾಳೆಯ ಬಣ್ಣ, ಅಕ್ಷರದ ಸೊಟ್ಟ, ಎಲ್ಲ ಅವಳಿಗೆ ಗೊತ್ತು. ಅದು ಮೋಹನನದೇ ಮಾತ್ರೆ. ಅಣ್ಣನ ಹಾಳೆಯ ಮೇಲಿನ ಹೆಸರನ್ನು ಚೈತ್ರಶ್ರೀ ಎಂದೂ ಓದಿ ನೋಡಿರಲಿಲ್ಲ. ಮಗಳಿಗೆ ಅವಳು ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಗಂಡನ ಮುಂದೆ ವಿಷಯ ತೆಗೆದಳು.

"ಇವಳಿಗೂ ಒಂದಿಷ್ಟು ಮಾತ್ರೆ ತರ್ಸಿ ಅಂದ್ರೆ..."

"ಇವಳಿಗೆ ಏನ್ ಬಂದೈತೆ? ಮರದಿಂದ ಬಿದ್ಲಾ?"

"ಓದೋಕೆ ಕಣ್ರೀ."

"ಓದಕ್ಕೆ ಮಾತ್ರೆ ನುಂಗ್ತಾರಾ ಯಾರಾರ? ಕಾಫಿ ಬೆಲೆ ಬಿದ್ದೋಗಿ ಕುಯ್ದ ಕೂಲಿ ಹುಟ್ಟಿಲ್ಲ ಈ ವರ್ಸ. ಒಬ್ಬನ ಮಾತ್ರೆಗೇ ಹಾಸನಕ್ಕೆ ಹೋಗಿ ಹೋಗಿ ಸಾಕಾಗೈತೆ. ರೊಟ್ಟಿ ಹಾಕು."

ಸಾಕಮ್ಮ ರೊಟ್ಟಿ ಹಾಕಿದಳು. ಮಾರನೆಯ ಬೆಳಿಗ್ಗೆ ಮಗನ ಬೆಳಗಿನ ಮಾತ್ರೆಯನ್ನು ಮಗಳ ಹಾಲಿನ ಲೋಟದ ಪಕ್ಕ ಇಟ್ಟಳು. "ಅಪ್ಪಂಗೆ ಹೇಳ್ಬೇಡ. ನಾನೇ ತರ್ಸಿದೀನಿ" ಎಂದಳು. ಅವಳ ಮನಸ್ಸಿಗೆ ಅದು ಕಳ್ಳತನ ಅನ್ನಿಸಲೇ ಇಲ್ಲ. ದಿನಕ್ಕೆ ಎರಡು ಬರುತ್ತವೆ, ಮಕ್ಕಳು ಇಬ್ಬರು. ಬೆಳಗಿನದು ಅವಳಿಗೆ, ರಾತ್ರಿಯದು ಅವನಿಗೆ. ಹೇಗೂ ಅವನು ಸುಧಾರಿಸಿದ್ದಾನೆ, ಪರೀಕ್ಷೆ ಮುಗಿಯುವ ತನಕ ತಾನೇ. ಆ ಮನೆಯಲ್ಲಿ ಬೆಲ್ಲದಚ್ಚನ್ನೂ ಒಡೆಯುತ್ತಿದ್ದುದು ಹಾಗೇ.

ಎಡವಟ್ಟಾದದ್ದು ಮೂರನೆಯ ದಿನ. ಮೋಹನ ಕೊಟ್ಟಿಗೆ ಬಳಿದು, ಕೈ ತೊಳೆದು ಬಂದು ಒಲೆಯ ಮುಂದೆ ನಿಂತ.

"ಅವ್ವ, ಮಾತ್ರೆ ಕೊಡಲಿಲ್ಲ."

ನಿಜ ಹೇಳಿದರೆ ಅವನು ಬೇಡ ಅನ್ನುವ ಮಗನಲ್ಲ. ತಂಗಿಗೆ ಕೊಡವ್ವ ಎಂದು ತಾನೇ ಕೊಟ್ಟುಬಿಡುತ್ತಿದ್ದ. ಆದರೆ ಪಕ್ಕದ ಕೋಣೆಯಲ್ಲಿ ಗಂಡ ಗಡ್ಡ ಕೆರೆದುಕೊಳ್ಳುತ್ತಿದ್ದ, ಮಗಳು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು, ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಸಾಕಮ್ಮನ ಬಾಯಿಂದ ಮಾತು ಜಾರಿತು.

"ಆಗ್ಲೇ ನುಂಗ್ದಲ್ಲೋ."

ಮೋಹನ ನಿಂತೇ ಇದ್ದ. ಹುಬ್ಬು ಗಂಟಿಕ್ಕಿ, ಎಲ್ಲೋ ಕಳೆದದ್ದನ್ನು ಹುಡುಕುವವನಂತೆ ನೆಲ ನೋಡಿದ.

"ಹೌದಾ?"

"ಹೂಂ ಕಣೋ. ಹಾಲು ಕುಡಿಯುವಾಗ."

"ಓ. ಮರ್ತೋಯ್ತು," ಎಂದು ಅವನು ಹೊರಗೆ ಹೋದ.

ಅಷ್ಟು ಸಲೀಸಾಗಿ ನಂಬಿದನಲ್ಲ ಎಂದು ಸಾಕಮ್ಮ ಸಂಕಟಪಟ್ಟು, ಸೀದ ರೊಟ್ಟಿ ತೆಗೆಯುವುದನ್ನೂ ಮರೆತಳು. ಮರುದಿನ ಅಷ್ಟು ಅನ್ನಿಸಲಿಲ್ಲ. ಆಮೇಲೆ ಅವನು ಕೇಳುವುದು, ಇವಳು ಹೇಳುವುದು, ಅವನು "ಓ" ಎನ್ನುವುದು ರೂಢಿಯಾಯಿತು. ಆಮೇಲಾಮೇಲೆ ಅವನು ಕೇಳುವುದನ್ನೇ ಬಿಟ್ಟ.

ಬಿಟ್ಟದ್ದು ಅದನ್ನೊಂದೇ ಅಲ್ಲ. ಮೊದಲು "ಕೆಂದಿಗೆ ಹಿಂಡಿ ಇಟ್ಟೆ ಕಣವ್ವ" ಎಂದು ಹೇಳುತ್ತಿದ್ದವನು, "ಹಿಂಡಿ ಇಟ್ನಾ ನಾನು?" ಎಂದು ಕೇಳತೊಡಗಿದ. ಬೇಲಿಯ ತಡಿಕೆ ಮುಚ್ಚಿ ಬಂದವನು ಅರ್ಧ ದಾರಿಯಿಂದ ವಾಪಸು ಹೋಗಿ ಮುಟ್ಟಿ ನೋಡುತ್ತಿದ್ದ. ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು, ಯಾಕೆ ಹಾಕಿದೆನೆಂದು ಎಲ್ಲರನ್ನೂ ಕೇಳಿ ತಿರುಗಿದ. ಒಂದು ದಿನ ಉಂಡು ಎದ್ದವನು ಕೈ ತೊಳೆಯದೆ ನಿಂತು, "ಅಜ್ಜಿ, ನಂದು ಊಟ ಆಯ್ತಲ್ವಾ?" ಎಂದ.

"ಕೈಯೆಲ್ಲ ಸಾರು ಮೆತ್ಕಂಡು ಕೇಳ್ತೀಯಲ್ಲೋ ನನ್ನಪ್ಪ," ಎಂದು ಬೆಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ಸುಗ್ಗಿವರೆಗೂ ಸರಿ ಇತ್ತಲ್ಲೇ ಹುಡುಗ. ಮಾತ್ರೆ ಸರ್ಯಾಗಿ ಕೊಡ್ತಾ ಇದ್ದೀಯಾ?" ಎಂದು ಕೇಳಿದಳು.

"ಕೊಡದೆ ಏನು," ಎಂದಳು ಸಾಕಮ್ಮ. ಅತ್ತೆಯ ಮುಖ ನೋಡಲಾಗದೆ ಒಲೆಗೆ ಸೌದೆ ತುರುಕಿದಳು.

ಇತ್ತ ಚೈತ್ರಶ್ರೀಯ ಓದೂ ದೊಡ್ಡದಾಗಿ ಏನೂ ಏರಲಿಲ್ಲ. ನಿದ್ದೆ ಬರುತ್ತಿಲ್ಲ, ತಲೆ ಧಿಂ ಅನ್ನುತ್ತದೆ ಎನ್ನುತ್ತಿದ್ದಳು. ಸಣ್ಣ ಮಾತಿಗೂ ರೇಗುತ್ತಿದ್ದಳು. ನಿದ್ದೆ ಬಾರದ್ದಕ್ಕೆ ಇನ್ನಷ್ಟು ಹೊತ್ತು ಪುಸ್ತಕ ಹಿಡಿದು ಕೂರುತ್ತಿದ್ದಳು, ಅದನ್ನೇ ಸಾಕಮ್ಮ ಮಾತ್ರೆಯ ಗುಣವೆಂದು ತಿಳಿದಳು. ತಾಯಿಯಾದವಳು ತನಗೆ ಬೇಕಾದ್ದನ್ನು ಕಾಣಲು ಕಣ್ಣು ಎಷ್ಟು ಬೇಕಾದರೂ ಕಿರಿದು ಮಾಡಿಕೊಳ್ಳುತ್ತಾಳೆ.

ಮೆಣಸಿನ ಕೊಯ್ಲು ಬಂತು. ಗಿಡ್ಡ ಮರಗಳನ್ನಾದರೂ ಮೋಹನ ಕೊಯ್ಯಲಿ ಎಂದು ದೇವೇಂದ್ರನೇ ಒಪ್ಪಿದ್ದ. ಸಾಕಮ್ಮ ಮಧ್ಯಾಹ್ನದ ಬುತ್ತಿ ಹೊತ್ತು ತೋಟಕ್ಕೆ ಹೋದಾಗ, ಮಗ ಏಣಿಯ ಮೇಲಿದ್ದ. ತುದಿಗೆ ಹೋಗಿ ಹಗ್ಗ ಬಿಗಿದ. ನಾಲ್ಕು ಕವಲು ಇಳಿದ. ಮತ್ತೆ ಹತ್ತಿ, ಗಂಟು ಬಿಚ್ಚಿ, ಮತ್ತೆ ಬಿಗಿದ. ಮತ್ತೆ ಇಳಿದ. ಕೆಳಗೆ ನಿಂತಿದ್ದ ಲಕ್ಕಪ್ಪನನ್ನು ಕೇಳಿದ:

"ಲಕ್ಕಪ್ಪಣ್ಣ, ಹಗ್ಗ ಕಟ್ಟಿದ್ನಾ?"

"ಕಟ್ಟಿದ್ಯಲ್ಲಪ್ಪ, ಎರಡು ಸರ್ತಿ ಕಟ್ದೆ. ಗಟ್ಟಿ ಐತೆ, ಕುಯ್ಯಿ ನೀನು."

ಮೋಹನ ಮೇಲೆ ನೋಡಿದ. ಒಂದು ಗೊಂಚಲೂ ಕೀಳದೆ ಇಳಿದು ಬಂದು ಬುಡದಲ್ಲಿ ಕುಳಿತುಬಿಟ್ಟ.

ಅಲ್ಲೇ ನಿಂತಿದ್ದ ದೇವೇಂದ್ರನಿಗೆ ದುಃಖ ಬಂದರೂ ಅದು ಹೊರಗೆ ಬರುವುದು ಸಿಟ್ಟಾಗಿಯೇ. "ಆಯ್ತು, ಇವನ ಕತೆ ಮುಗೀತು! ವರ್ಸ ಪೂರ್ತಿ ಮಾತ್ರೆ ನುಂಗ್ಸಿದ್ದು ಹೊಳೇಲಿ ಹುಣ್ಸೆಹಣ್ಣು ತೊಳ್ದಂಗಾಯ್ತು. ಲಕ್ಕಪ್ಪ, ನಾಳೆಯಿಂದ ನಿಮ್ಮೂರಿನ ಹುಡುಗ್ರನ್ನ ಕರ್ಕಂಬಾ. ಇವನು ದನ ಕಾಯ್ಲಿ."

"ಬೈಬೇಡ್ರೀ," ಎಂದಳು ಸಾಕಮ್ಮ.

"ಬೈಲಿ ಬುಡವ್ವ," ಎಂದ ಮೋಹನ. "ಅಪ್ಪ ಸರ್ಯಾಗೇ ಹೇಳ್ತಾ ಐತೆ. ಬೆಳಿಗ್ಗೆ ನುಂಗಿದ್ ಮಾತ್ರೆ ನೆಪ್ಪಿರಲ್ಲ ನಂಗೆ. ಹಗ್ಗದ ಗಂಟು ನೆಪ್ಪಿರ್ತದಾ?"

ಬುತ್ತಿಯ ಗಂಟನ್ನು ಸಾಕಮ್ಮ ಅಲ್ಲೇ ಕಲ್ಲಿನ ಮೇಲೆ ಇಟ್ಟು, ಯಾರಿಗೂ ಬಡಿಸದೆ ಮನೆಗೆ ಬಂದಳು. ಅವಳಿಗೆ ಅರ್ಥವಾಗಿತ್ತು. ಮಗನ ತಲೆಯಿಂದ ತಾನು ಕಿತ್ತದ್ದು ಮಾತ್ರೆಯನ್ನಲ್ಲ, ಡಾಕ್ಟರು ಹೇಳಿದ್ದ ಆ ನಂಬಿಕೆಯನ್ನು.

ಆವತ್ತಿನಿಂದಲೇ ಎರಡು ಮಾತ್ರೆಯನ್ನೂ ಅವನಿಗೇ ಕೊಡುವುದೆಂದು ತೀರ್ಮಾನಿಸಿದಳು. ಚೈತ್ರಶ್ರೀಗೆ, ಮಾತ್ರೆ ಮುಗಿಯಿತು ಎಂದಳು. ಅವಳು ಪರೀಕ್ಷೆಯ ಹೊಸ್ತಿಲಲ್ಲಿ ರಂಪ ಮಾಡಿ, ಎರಡು ದಿನ ತಾಯಿಯ ಹತ್ತಿರ ಮಾತು ಬಿಟ್ಟಳು. ಬೆಳಿಗ್ಗೆ ಸಾಕಮ್ಮ ಮಾತ್ರೆ ಹಿಡಿದು ಕೊಟ್ಟಿಗೆಗೇ ಹೋದಳು. ಮೋಹನ ಅದನ್ನು ನೋಡಿ ಹೆದರಿ ಹಿಂದೆ ಸರಿದ.

"ಆಗ್ಲೇ ನುಂಗಿರ್ತೀನಿ ಕಣವ್ವ."

"ಇಲ್ಲ ಕಣೋ, ನುಂಗಿಲ್ಲ."

"ನುಂಗಿರ್ತೀನಿ ಬುಡು. ನೀನೂ ಮರ್ತಿರ್ಬೋದು. ಎರಡೆರಡು ನುಂಗಿ ಇನ್ನೇನಾರ ಆದಾತು."

ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ನಿಜ ಹೇಳಿದ್ದರೆ ತೆರೆಯುತ್ತಿದ್ದನೋ ಏನೋ. ಹೇಳಲು ಸಾಕಮ್ಮನಿಗೆ ಧೈರ್ಯ ಬರಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡಳು. ಪರೀಕ್ಷೆ ಮುಗಿದ ಮೇಲೆ ಹಬ್ಬ ಮುಗಿಯಲಿ ಎಂದುಕೊಂಡಳು.

ಯುಗಾದಿ ಕಳೆದ ಮೇಲೆ ಭೂತಯ್ಯ ಹೇಳಿದ ಹಾಗೇ ಬಂದ. ಒಬ್ಬನೇ ಬಂದಿದ್ದ, ಯಸಳೂರಿನಿಂದ ಬಾಳೆಗೊನೆ ತಂದಿದ್ದ. ಮನೆಯಲ್ಲಿ ಕಡುಬು, ನಾಟಿಕೋಳಿ ಸಾರು. ಬೆಟ್ಟಮ್ಮ ಒಳ್ಳೆಯ ಸೀರೆ ಉಟ್ಟು ಗೋಡೆಗೆ ಒರಗಿದ್ದಳು. ಗಂಡಸರು ಸಾಲಾಗಿ ಕುಳಿತರು, ಸಾಕಮ್ಮ ಬಡಿಸಿದಳು, ಚೈತ್ರಶ್ರೀ ನೀರು ಇಟ್ಟಳು.

ಭೂತಯ್ಯ ಒಳ್ಳೆಯ ಮನುಷ್ಯ. ಪರೀಕ್ಷೆ ಮಾಡುವವನಂತೆ ಕಾಣದಿರಲೆಂದು ಮಳೆ, ಬೆಲೆ, ದನ ಎಲ್ಲ ಮಾತಾಡಿದ. ಕೊನೆಗೆ, "ಹೆಂಗಿದ್ದೀಯಪ್ಪ ಮೋಹನ? ಮೆಣಸು ಎಷ್ಟು ಮರ ಕುಯ್ದೆ ಈ ಸರ್ತಿ?" ಎಂದ.

ದೇವೇಂದ್ರ ಬೇಗ ಬಾಯಿ ಹಾಕಿದ. "ಡಾಕ್ಟ್ರು ಇನ್ನೊಂದು ವರ್ಸ ಬೇಡ ಅಂದವ್ರೆ, ಅದ್ಕೆ..."

"ಇಲ್ಲಪ್ಪ," ಎಂದ ಮೋಹನ. ತಟ್ಟೆಯಿಂದ ಕೈ ತೆಗೆದು ನೆಟ್ಟಗೆ ಕುಳಿತ. "ಸುಳ್ಳು ಯಾಕೆ ಹೇಳ್ಬೇಕು? ಒಂದು ಮರಾನೂ ಕುಯ್ದಿಲ್ಲ ಮಾವ. ನನ್ ತಲೆ ಸರಿಯಾಗಿಲ್ಲ. ಬೆಳಿಗ್ಗೆ ಮಾತ್ರೆ ನುಂಗ್ತೀನಿ, ಗಳಿಗೆ ಕಳಿಯೋದ್ರಲ್ಲಿ ಮರ್ತೋಗಿರ್ತದೆ. ಅವ್ವನ್ನ ಕೇಳಿದ್ರೆ, ಆಗ್ಲೇ ನುಂಗ್ದೆ ಅಂತೈತೆ. ಕೈಯಲ್ಲಿ ಇಸ್ಕಂಡಿದ್ದೂ ನೆಪ್ಪಿಲ್ಲ, ಬಾಯಿಗೆ ಹಾಕ್ಕಂಡಿದ್ದೂ ನೆಪ್ಪಿಲ್ಲ. ನಾಳೆ ಹೆಂಡ್ತಿ ಮಕ್ಕಳನ್ನ ಎಲ್ಲಾರ ಬುಟ್ಟು ಬಂದ್ರೂ ಬಂದೆ. ಪೂಜಿತಾಗೆ ಬೇರೆ ಕಡೆ ನೋಡಿ."

ಸಾಕಮ್ಮನ ಕೈಯಲ್ಲಿ ಸಾರಿನ ಸೌಟು ಇತ್ತು. ಈಗ ಸುಮ್ಮನಿದ್ದರೆ ಮಗ ಬದುಕಿರುವ ತನಕ ಹೀಗೇ ಬದುಕುತ್ತಾನೆ ಎಂದು ಅವಳಿಗೆ ಹೊಳೆಯಿತು. ಸೌಟನ್ನು ಪಾತ್ರೆಗೆ ಇಟ್ಟಳು.

"ಅವನು ನುಂಗಿರಲಿಲ್ಲ," ಎಂದಳು.

"ಏನಂದೆ?" ಎಂದ ದೇವೇಂದ್ರ.

"ನುಂಗಿದ್ರೆ ತಾನೇ ನೆಪ್ಪಿರೋದು? ನಾನು ಕೊಟ್ಟೇ ಇರಲಿಲ್ಲ. ಬೆಳಗಿನದನ್ನ ಚೈತ್ರಂಗೆ ಕೊಡ್ತಿದ್ದೆ, ಓದಕ್ಕೆ. ಇವನು ಕೇಳ್ದಾಗ, ಆಗ್ಲೇ ನುಂಗ್ದೆ ಅಂದ್ಬುಟ್ಟೆ. ದಿನಾ ಅಂದೆ. ಅವನ ತಲೆ ಸರಿಯಾಗೇ ಐತೆ ಭೂತಯ್ಯಣ್ಣ. ಸುಳ್ಳು ಹೇಳ್ದೋಳು ನಾನು."

ನೀರಿನ ತಂಬಿಗೆ ಹಿಡಿದಿದ್ದ ಚೈತ್ರಶ್ರೀಯ ಮುಖ ಬಿಳಿಚಿತು. "ನಂಗೆ ಕೊಟ್ಟಿದ್ದು ಅಣ್ಣಂದಾ? ನಾನೇ ತರ್ಸಿದೀನಿ ಅಂದ್ಯಲ್ಲವ್ವ! ಬೇಕು ಅಂತ ಕೇಳಿದ್ನಾ ನಾನು, ಅಣ್ಣಂದನ್ನ ಕಿತ್ಕೊಡು ಅಂತ?" ಎಂದು ಕೂಗಿ, ತಂಬಿಗೆಯನ್ನು ಅಲ್ಲೇ ಕುಕ್ಕಿ ಒಳಗೆ ಓಡಿದಳು.

ದೇವೇಂದ್ರ ತಟ್ಟೆ ತಳ್ಳಿ ಎದ್ದ. "ಹೆತ್ತೋಳಾ ನೀನು? ನಾನು ಅವನ್ನ ತೋಟದಲ್ಲಿ ಹಂಗೆ ಬೈದ್ನಲ್ಲೇ! ನೋಡ್ಕಂಡು ನಿಂತಿದ್ದೆ ನೀನು!"

"ಇಬ್ರೂ ನನ್ ಮಕ್ಳೇ ಅಲ್ವೇನ್ರೀ. ಪಾಲು ಮಾಡ್ದೆ. ನಮ್ಮನೇಲಿ ಎಲ್ಲಾನೂ..." ಸಾಕಮ್ಮ ಅತ್ತೆಯ ಕಡೆ ನೋಡಿದಳು.

ಬೆಟ್ಟಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ಪಾಲು ಹಾಕೋವಾಗ ಎಲ್ರ ಮುಂದೆ ಹಾಕಿದೀನಿ ಕಣೇ ನಾನು. ಒಬ್ರಿಗೂ ತಿಂದೆ ಅಂತ ಸುಳ್ಳು ಹೇಳಿಲ್ಲ," ಎಂದಳು. ಆಮೇಲೆ ತನಗೇ ಎಂಬಂತೆ, "ಬಾಣಂತಿ ಅಂಟಿನುಂಡೆನ ನಾನು ಪಾಲು ಹಾಕಿದ್ದೂ ತಪ್ಪೇಯ" ಎಂದಳು.

ಭೂತಯ್ಯ ತಟ್ಟೆಯಲ್ಲಿದ್ದ ಕಡುಬನ್ನು ಬಿಡದೆ ಉಂಡ. ಅನ್ನ ಬಿಟ್ಟು ಏಳುವುದು ಅವನ ಜಾಯಮಾನವಲ್ಲ. ಕೈ ತೊಳೆದು, ಮೋಹನನ ಬೆನ್ನ ಮೇಲೆ ಕೈಯಿಟ್ಟು, "ನೀನು ಚೆನ್ನಾಗಿದ್ದೀಯ ಕಣಪ್ಪ. ಇಷ್ಟು ನೇರ ಮಾತಾಡೋ ಹುಡುಗನ್ನ ನಾನು ಬೇಡ ಅನ್ನಲ್ಲ" ಎಂದ. ದೇವೇಂದ್ರ ಅವನನ್ನು ಬಸ್ಸಿನ ರಸ್ತೆಯವರೆಗೆ ಕಳಿಸಲು ಹೋದ. ಅಲ್ಲಿ ಭೂತಯ್ಯ ಉಳಿದ ಮಾತು ಹೇಳಿದ: "ಹುಡುಗನ ಬಗ್ಗೆ ನಂಗೆ ಅನುಮಾನ ಇಲ್ಲ ದೇವೇಂದ್ರಣ್ಣ. ಮನೆ ಬಗ್ಗೆ ಬಂದೈತೆ. ನನ್ ಮಗಳು ಹುಷಾರಿಲ್ಲದೆ ಮಲಗಿದ್ ದಿನ ಅವಳಿಗೆ ಏನು ಹೇಳ್ತೀರೋ ಅಂತ. ಯೋಚ್ನೆ ಮಾಡ್ತೀನಿ." ದೇವೇಂದ್ರ ಬಂದು ಅದನ್ನು ಹೆಂಡತಿಗೆ ಒಂದಕ್ಷರ ಬಿಡದೆ ಒಪ್ಪಿಸಿ, ಅಂಗಿ ಬಿಚ್ಚದೆ ಹೋಗಿ ಮಲಗಿಕೊಂಡ.

ಸಂಜೆ ಸಾಕಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮೋಹನ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತ. ಬೈಯಲಿ, ಹೊಡೆಯಲಿ ಎಂದು ಅವಳು ಕಾದಳು. ಅವನು ಬೈಯಲಿಲ್ಲ.

"ಅವ್ವ, ಶಿವರಾತ್ರಿ ದಿನ ಕರು ಹಗ್ಗ ಬಿಚ್ಕಂಡು ಓಡೋಯ್ತಲ್ಲ. ನಾನು ಕಟ್ಟಿದ್ದೆ ಅಂದೆ. ನೀನು ಕಟ್ಟಿರಲಿಲ್ಲ ಅಂದೆ."

"ನೀನು ಕಟ್ಟಿದ್ದೆ ಕಣಪ್ಪ. ಹಗ್ಗ ಲಡ್ಡಾಗಿ ಹರ್ದಿತ್ತು. ನಾನು ನೋಡ್ದಲೇ ಅಂದ್ಬುಟ್ಟಿದ್ದೆ."

"ಹುಚ್ಚಣ್ಣನ ಅಂಗಡಿಗೆ ದುಡ್ಡು ಕೊಟ್ಟು ಬಂದೆ ಅಂದಿದ್ದೆ, ಅಪ್ಪ ನಂಬಲಿಲ್ಲ."

"ಕೊಟ್ಟಿದ್ದೆ. ಆಮೇಲೆ ಹುಚ್ಚಣ್ಣನೇ ಹೇಳ್ದ."

"ಮರದ ಮೇಲೆ ಹಗ್ಗ?"

"ಕಟ್ಟಿದ್ದೆ ಮಗ. ನಾನು ಕಣ್ಣಾರೆ ಕಂಡೆ. ಎರಡು ಸಲ ಕಟ್ಟಿದ್ದೆ."

ಮೋಹನನ ಕಣ್ಣು ತುಂಬಿ ಬಂತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಹಣೆಯ ಗಂಟು ಸಡಿಲವಾದದ್ದನ್ನು ಸಾಕಮ್ಮ ಕಂಡಳು. ಅವಳಿಗೂ ಅಳು ತಡೆಯಲಾಗಲಿಲ್ಲ.

"ಹಂಗಾರೆ ನಾನು ಸರಿ ಇದ್ದೀನಿ," ಎಂದ.

"ಸರಿ ಇದ್ದೀಯ ಕಣೋ ನನ್ನಪ್ಪ. ನನ್ನಾಣೆ. ಎಲ್ಲಾ ಸರಿ ಇದ್ದೀಯ."

ಅವನು ತಾಯಿಯ ಮುಖವನ್ನೇ ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹಾಗಾಗಿಯೇ ಅವಳಿಗೆ ಅದನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಆಮೇಲೆ ಕಲ್ಲಿನಿಂದ ಎದ್ದ.

"ತಡಿ," ಎಂದ. "ಅಜ್ಜಿನ ಒಂದ್ಸಲ ಕೇಳ್ಕಂಡು ಬತ್ತೀನಿ."

ಅವನು ಒಳಗೆ ಹೋದ. ಸಾಕಮ್ಮ ಬೂದಿ ಮೆತ್ತಿದ ಕೈಯಲ್ಲೇ ಕುಳಿತು, ಒಳಗಿನಿಂದ ಅತ್ತೆ ಏನು ಹೇಳುತ್ತಾಳೋ ಎಂದು ಕಿವಿಗೊಟ್ಟಳು.